ಡಫಿ ಪ್ರತಿಕಾಯ

ಡಫಿ ಪ್ರತಿಕಾಯ: ಕೆಂಪು ರಕ್ತಕಣದ ಹೊರಪೊರೆಯಲ್ಲಿರುವ ಡಫಿ ಎಂಬ ಗ್ರಾಹಕ ಪ್ರೋಟೀನನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯ. ರಕ್ತನಿಧಿಗಳಲ್ಲಿ ರಕ್ತದ ಗುಂಪು ಗುರುತಿಸಲು, ರೋಗವಿಜ್ಞಾನ ಪ್ರಯೋಗಾಲಯಗಳಲ್ಲಿ ಅಂಗಾಂಶಗಳ ಪರೀಕ್ಷೆಗೆ, ಮಲೇರಿಯಾ ಸಂಶೋಧನೆಯಲ್ಲಿ ರೋಗಾಣು ಕಣದೊಳಗೆ ನುಗ್ಗುವ ದಾರಿಯನ್ನು ತಿಳಿಯಲು ಇದನ್ನು ಬಳಸುತ್ತಾರೆ. ಒಂದೇ ಹೆಸರಿನಲ್ಲಿ ಕರೆದರೂ ಇದು ಒಂದೇ ಪ್ರತಿಕಾಯವಲ್ಲ. ಆಂಟಿ-ಎಫ್‌ವೈಎ, ಆಂಟಿ-ಎಫ್‌ವೈಬಿ, ಆಂಟಿ-ಎಫ್‌ವೈ3, ಆಂಟಿ-ಎಫ್‌ವೈ6 ಮುಂತಾದವು ಒಂದೇ ಪ್ರೋಟೀನಿನ ಬೇರೆಬೇರೆ ಜಾಗಗಳನ್ನು ಹಿಡಿಯುತ್ತವೆ. ಯಾವುದನ್ನು, ಯಾವ ವಿಧಾನದಲ್ಲಿ, ಯಾವ ಜೀವಕೋಶದ ಮೇಲೆ ಪ್ರಯೋಗಿಸಲಾಯಿತು ಎಂಬುದು ತಿಳಿಯದೆ ‘ಡಫಿ ಇದೆ’ ಅಥವಾ ‘ಡಫಿ ಇಲ್ಲ’ ಎಂಬ ಮಾತಿಗೆ ಪೂರ್ತಿ ಅರ್ಥ ಬರುವುದಿಲ್ಲ.

ಪ್ರೋಟೀನಿನ ಸ್ವರೂಪ

ರಕ್ತದ ಗುಂಪುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಡಫಿಯದು 8ನೆಯ ವ್ಯವಸ್ಥೆ. ಇದರ ಪ್ರೋಟೀನಿಗೆ ಬೇರೆಬೇರೆ ಕ್ಷೇತ್ರದವರು ಬೇರೆಬೇರೆ ಹೆಸರು ಕೊಟ್ಟಿದ್ದಾರೆ. ರಕ್ತಪೂರಣದವರಿಗೆ ಇದು ಡಫಿ, ಹಳೆಯ ಸಂಶೋಧನಾ ಬರಹಗಳಲ್ಲಿ ಡಾರ್ಕ್, ಈಗಿನ ಅಧಿಕೃತ ಬಳಕೆಯಲ್ಲಿ ಎಸಿಕೆಆರ್1, ಬಿಳಿ ರಕ್ತಕಣಗಳನ್ನು ಅಧ್ಯಯನ ಮಾಡುವವರ ಪಟ್ಟಿಯಲ್ಲಿ ಸಿಡಿ234. ಪ್ರತಿಕಾಯದ ಬಾಟಲಿಯ ಮೇಲೆ ಈ ನಾಲ್ಕರಲ್ಲಿ ಯಾವ ಹೆಸರಿದ್ದರೂ ಪ್ರೋಟೀನು ಒಂದೇ.

ಇದರ ವಂಶವಾಹಿ ಇರುವುದು 1ನೆಯ ವರ್ಣತಂತುವಿನಲ್ಲಿ. ಮುಖ್ಯ ರೂಪದಲ್ಲಿ 336 ಅಮೈನೊ ಆಮ್ಲಗಳಿವೆ. ಸರಪಳಿ ಜೀವಕೋಶದ ಪೊರೆಯನ್ನು ಏಳು ಬಾರಿ ಹಾದುಹೋಗುತ್ತದೆ. ಮೊದಲ ಅರವತ್ತರಷ್ಟು ಅಮೈನೊ ಆಮ್ಲಗಳ ತುದಿ ಕಣದ ಹೊರಗೆ ಚಾಚಿಕೊಂಡಿದ್ದು, ಪ್ರತಿಕಾಯಗಳು ಹೆಚ್ಚಾಗಿ ಹಿಡಿಯುವುದು ಈ ಬಾಲವನ್ನೇ. 42ನೆಯ ಸ್ಥಾನದಲ್ಲಿ ಗ್ಲೈಸಿನ್ ಇದ್ದರೆ ಎಫ್‌ವೈಎ, ಆಸ್ಪಾರ್ಟಿಕ್ ಆಮ್ಲ ಇದ್ದರೆ ಎಫ್‌ವೈಬಿ. ಪ್ರತಿಕಾಯ ಹಿಡಿಯುವ ಈ ಎರಡು ಗುರುತುಗಳ, ಅಂದರೆ ಪ್ರತಿಜನಕಗಳ, ನಡುವಿನ ವ್ಯತ್ಯಾಸ ಇಷ್ಟೇ, ಒಂದು ಅಮೈನೊ ಆಮ್ಲ. ಅದೇ ಬಾಲದ 22ರಿಂದ 26ರವರೆಗಿನ ಐದು ಅಮೈನೊ ಆಮ್ಲಗಳು ಎಫ್‌ವೈ6ರ ನೆಲೆ. ಎಫ್‌ವೈ3ರ ನೆಲೆ ಬಾಲದಲ್ಲಿಲ್ಲ. ಅದು ಪೊರೆಯ ಹೊರಗೆ ಬಾಗಿರುವ ಮೂರನೆಯ ಕುಣಿಕೆಯಲ್ಲಿದೆ. ಈ ಸಣ್ಣ ಭೂಪಟವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಪ್ರೋಟೀನಿನ ಕೆಲಸ ಕೀಮೋಕೈನ್‌ಗಳನ್ನು ಹಿಡಿಯುವುದು. ಉರಿಯೂತ ಆದ ಕಡೆಗೆ ಬಿಳಿ ರಕ್ತಕಣಗಳನ್ನು ಕರೆಸುವ ಸಣ್ಣ ಪ್ರೋಟೀನುಗಳಿವು. ಇದೇ ಬಗೆಯ ಬೇರೆ ಗ್ರಾಹಕಗಳು ಕೀಮೋಕೈನ್ ಸಿಕ್ಕೊಡನೆ ಜೀವಕೋಶದ ಒಳಗೆ ಸಂದೇಶ ಮುಟ್ಟಿಸುತ್ತವೆ. ಡಫಿ ಹಾಗೆ ಮಾಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ರಕ್ತದಲ್ಲಿ ಕೀಮೋಕೈನ್ ಹೆಚ್ಚಾದಾಗ ಕೆಂಪು ಕಣಗಳು ಅದನ್ನು ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಟ್ಟು ಸಮತೋಲ ಕಾಯುತ್ತವೆ ಎಂಬುದು ಈಗ ಬಲವಾಗಿರುವ ಅಭಿಪ್ರಾಯ. 2024ರಲ್ಲಿ ಕಾನ್ಪುರದ ಐಐಟಿಯ ಅರುಣ್ ಶುಕ್ಲಾ ಅವರ ತಂಡ ಕೀಮೋಕೈನ್ ಹಿಡಿದಿರುವ ಸ್ಥಿತಿಯಲ್ಲೇ ಈ ಪ್ರೋಟೀನಿನ ರಚನೆಯನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿ ಪ್ರಕಟಿಸಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಪ್ರತಿಕಾಯಗಳ ಮೂಲಕ ಪರೋಕ್ಷವಾಗಿ ಊಹಿಸಿಕೊಂಡು ಬಂದ ರೂಪ ಹೀಗೆ ನೇರವಾಗಿ ಕಾಣಸಿಕ್ಕಿತು.

ಕಂಡುಹಿಡಿದ ಬಗೆ

ಇಲ್ಲಿ ಮೊದಲು ಸಿಕ್ಕಿದ್ದು ಪ್ರತಿಕಾಯ. ಪ್ರೋಟೀನು ಸಿಕ್ಕಿದ್ದು ನಲವತ್ತು ವರ್ಷಗಳ ಬಳಿಕ. 1950ರಲ್ಲಿ ಲಂಡನ್ನಿನಲ್ಲಿ ಮೇರಿ ಕಟ್‌ಬುಷ್, ಪ್ಯಾಟ್ರಿಕ್ ಮಾಲಿಸನ್ ಮತ್ತು ಡೊರೊತಿ ಪಾರ್ಕಿನ್ ಅವರು ಹಿಮೋಫೀಲಿಯ ರೋಗಿಯೊಬ್ಬನ ರಕ್ತದಲ್ಲಿ ಅದುವರೆಗೆ ಯಾರೂ ಕಾಣದ ಪ್ರತಿಕಾಯವೊಂದನ್ನು ಗುರುತಿಸಿದರು. ಆತ ಹಲವು ಬಾರಿ ರಕ್ತ ಪಡೆದಿದ್ದ. ಹೊಸ ವ್ಯವಸ್ಥೆಗೆ ಆ ರೋಗಿಯ ಹೆಸರೇ ನಿಂತಿತು. ಆತನಲ್ಲಿದ್ದದ್ದು ಆಂಟಿ-ಎಫ್‌ವೈಎ. ಮರುವರ್ಷ, 1951ರಲ್ಲಿ, ಅದರ ಜೋಡಿಯಾದ ಆಂಟಿ-ಎಫ್‌ವೈಬಿ ದೊರೆಯಿತು.

ಎರಡು ಪ್ರತಿಕಾಯಗಳು ಕೈಗೆ ಬಂದ ಮೇಲೆ ಎಲ್ಲರ ರಕ್ತವೂ ಇವೆರಡರಲ್ಲಿ ಒಂದಕ್ಕಾದರೂ ಸ್ಪಂದಿಸಬೇಕೆಂಬ ನಿರೀಕ್ಷೆ ಇತ್ತು. 1955ರಲ್ಲಿ ರುತ್ ಸ್ಯಾಂಗರ್, ರಾಬರ್ಟ್ ರೇಸ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಆಫ್ರಿಕನ್ ಮೂಲದವರ ರಕ್ತವನ್ನು ಪರೀಕ್ಷಿಸಿದಾಗ ಹೆಚ್ಚಿನವರ ಕಣಗಳು ಎರಡಕ್ಕೂ ಸ್ಪಂದಿಸಲಿಲ್ಲ. ಪಶ್ಚಿಮ ಆಫ್ರಿಕದ ಹಲವು ಪ್ರದೇಶಗಳಲ್ಲಿ ಬಹುತೇಕ ಎಲ್ಲರೂ ಹೀಗೆಯೇ ಇದ್ದಾರೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಇಂಥವರನ್ನು ಡಫಿ-ಶೂನ್ಯರು ಎಂದು ಕರೆಯಬಹುದು.

1968ರಲ್ಲಿ ರೋಜರ್ ಡೊನಾಹ್ಯೂ ತಮ್ಮದೇ ಕುಟುಂಬದ ಸದಸ್ಯರಲ್ಲಿ 1ನೆಯ ವರ್ಣತಂತುವಿನ ಒಂದು ವಿಚಿತ್ರ ರೂಪವೂ ಡಫಿ ಗುಂಪೂ ಒಟ್ಟೊಟ್ಟಿಗೆ ಸಾಗಿಬರುವುದನ್ನು ಕಂಡರು. ಲಿಂಗ ವರ್ಣತಂತುಗಳನ್ನು ಬಿಟ್ಟು ಉಳಿದ ಯಾವುದೇ ನಿರ್ದಿಷ್ಟ ಮಾನವ ವರ್ಣತಂತುವಿಗೆ ಹೊಂದಿಸಲಾದ ಮೊತ್ತಮೊದಲ ವಂಶವಾಹಿ ಇದು. 1993ರಲ್ಲಿ ನ್ಯೂಯಾರ್ಕಿನ ರಕ್ತ ಕೇಂದ್ರದಲ್ಲಿ ಅಶೋಕ್ ಚೌಧುರಿ ಮತ್ತು ಸಂಗಡಿಗರು ಇದರ ಡಿಎನ್‌ಎ ಸರಣಿಯನ್ನು ಬೇರ್ಪಡಿಸಿದರು. ಅದೇ ವರ್ಷ ರಿಚರ್ಡ್ ಹೋರುಕ್ ಮತ್ತು ಇತರರು ಡಫಿ ಪ್ರತಿಜನಕ ಕೀಮೋಕೈನ್ ಗ್ರಾಹಕವೇ ಎಂದು ತೋರಿಸಿದರು.

ಪ್ರತಿಕಾಯಗಳ ಬಗೆಗಳು

ಮೊದಲ ದಶಕಗಳಲ್ಲಿ ರಕ್ತನಿಧಿಗಳು ಬಳಸುತ್ತಿದ್ದ ಆಂಟಿ-ಎಫ್‌ವೈಎ, ಆಂಟಿ-ಎಫ್‌ವೈಬಿ ಎರಡೂ ಮನುಷ್ಯರ ಸೀರಮ್‌ನಿಂದಲೇ ಬಂದವು. ರಕ್ತ ಪಡೆದ ರೋಗಿ ಅಥವಾ ಗರ್ಭಿಣಿಯ ದೇಹ ತಾನಾಗಿ ತಯಾರಿಸಿದ ಪ್ರತಿಕಾಯವನ್ನು ಶುದ್ಧಿಮಾಡಿ ಬಾಟಲಿಗೆ ತುಂಬುತ್ತಿದ್ದರು. ದಾನಿ ಸಿಕ್ಕಷ್ಟೇ ಸರಕು. ಅದರಲ್ಲೂ ಆಂಟಿ-ಎಫ್‌ವೈಬಿ ಬಹಳ ವಿರಳ, ಏಕೆಂದರೆ ಎಫ್‌ವೈಬಿ ದೇಹವನ್ನು ಕೆರಳಿಸುವುದು ಕಡಿಮೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯ ತಯಾರಿಸುವ ವಿಧಾನ ಕಂಡುಕೊಂಡ ಬಳಿಕ ಒಂದೇ ಜೀವಕೋಶದ ಸಂತತಿಯಿಂದ, ಪ್ರತಿ ಬಾರಿಯೂ ಒಂದೇ ಗುಣದ ಪ್ರತಿಕಾಯ ಪಡೆಯುವುದು ಸಾಧ್ಯವಾಯಿತು.

ಡಫಿಯ ಮಟ್ಟಿಗೆ ಈ ವಿಧಾನದ ದೊಡ್ಡ ಫಲ 1987ರಲ್ಲಿ ಬಂತು. ಇಲಿಯಿಂದ ಪಡೆದ ಏಕತದ್ರೂಪಿ ಪ್ರತಿಕಾಯವೊಂದು ಎಫ್‌ವೈಎ ಇದ್ದ ಕಣಗಳನ್ನೂ ಎಫ್‌ವೈಬಿ ಇದ್ದ ಕಣಗಳನ್ನೂ ಸಮಾನವಾಗಿ ಹಿಡಿಯಿತು. ಡಫಿ-ಶೂನ್ಯರ ಕಣಗಳನ್ನು ಮಾತ್ರ ಬಿಟ್ಟಿತು. ಇದಕ್ಕೆ ಆಂಟಿ-ಎಫ್‌ವೈ6 ಎಂದು ಹೆಸರಾಯಿತು. ಮುಂದೆ ಫ್ರಾನ್ಸಿನಲ್ಲಿ ತಯಾರಾದ 2ಸಿ3 ಎಂಬ ಸಂತತಿ ಇದೇ ಗುಣದ್ದು. ಫೀನೈಲ್‌ಅಲನಿನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ವ್ಯಾಲಿನ್, ಟ್ರಿಪ್ಟೊಫೇನ್ ಎಂಬ ಐದು ಕೊಂಡಿಗಳ ಸಾಲು ಸಿಕ್ಕರೆ ಅದಕ್ಕೆ ಸಾಕು. ನೇರ ಸಾಲನ್ನು ಹಿಡಿಯುವ ಕಾರಣ ಪ್ರೋಟೀನು ತನ್ನ ಆಕಾರ ಕಳೆದುಕೊಂಡು ಬಿಚ್ಚಿಕೊಂಡ ಮೇಲೂ, ಅಂದರೆ ವೆಸ್ಟರ್ನ್ ಬ್ಲಾಟ್ ಪಟ್ಟಿಯ ಮೇಲೂ, ಈ ಪ್ರತಿಕಾಯ ಕೆಲಸ ಮಾಡುತ್ತದೆ. ಆ ಪಟ್ಟಿಯಲ್ಲಿ ಡಫಿ ಒಂದು ಚೂಪಾದ ಗೆರೆಯಾಗಿ ಮೂಡದೆ ಸುಮಾರು 35ರಿಂದ 45 ಕಿಲೊಡಾಲ್ಟನ್‌ವರೆಗೆ ಹರಡಿದ ಕಲೆಯಂತೆ ಕಾಣುತ್ತದೆ. ಅದಕ್ಕೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿಗಳು ಒಂದೇ ಉದ್ದದವಲ್ಲದಿರುವುದೇ ಕಾರಣ.

ಆಂಟಿ-ಎಫ್‌ವೈ3 ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. 1971ರಲ್ಲಿ ಆಸ್ಟ್ರೇಲಿಯದ ಡಫಿ-ಶೂನ್ಯ ಮಹಿಳೆಯೊಬ್ಬರಲ್ಲಿ ಇದು ಮೊದಲು ಸಿಕ್ಕಿತು. ಪ್ರೋಟೀನು ಸರಿಯಾದ ಆಕಾರದಲ್ಲಿ ಮಡಚಿಕೊಂಡಿದ್ದರೆ ಮಾತ್ರ ಇದು ಹಿಡಿಯುತ್ತದೆ. ಪಪಾಯಿ ಹಾಲಿನಿಂದ ತೆಗೆಯುವ ಪಪೈನ್, ಅಂಜೂರದ ಹಾಲಿನಿಂದ ತೆಗೆಯುವ ಫಿಸಿನ್ ಎಂಬ ಕಿಣ್ವಗಳಿಂದ ಕಣಗಳನ್ನು ಸಂಸ್ಕರಿಸಿದರೆ ಡಫಿಯ ಹೊರಬಾಲ ಕತ್ತರಿಸಿಹೋಗಿ ಎಫ್‌ವೈಎ, ಎಫ್‌ವೈಬಿ, ಎಫ್‌ವೈ6 ಮೂರೂ ಕಾಣೆಯಾಗುತ್ತವೆ. ಎಫ್‌ವೈ3 ಮಾತ್ರ ಉಳಿಯುತ್ತದೆ. ರಕ್ತನಿಧಿಯ ತಂತ್ರಜ್ಞರು ಈ ಗುಣವನ್ನು ಜಾಣತನದಿಂದ ಬಳಸುತ್ತಾರೆ. ರೋಗಿಯ ಸೀರಮ್‌ನಲ್ಲಿರುವ ಅಜ್ಞಾತ ಪ್ರತಿಕಾಯ ಸಾಮಾನ್ಯ ಕಣಗಳ ಮೇಲೆ ಸ್ಪಂದಿಸಿ, ಪಪೈನ್ ತಾಗಿಸಿದ ಕಣಗಳ ಮೇಲೆ ಸುಮ್ಮನಾದರೆ ಸಂಶಯ ಡಫಿಯ ಕಡೆ ತಿರುಗುತ್ತದೆ. ಆರ್‌ಎಚ್ ಗುಂಪಿನ ಪ್ರತಿಕಾಯಗಳಾದರೆ ಕಿಣ್ವದ ಬಳಿಕ ಇನ್ನಷ್ಟು ಜೋರಾಗುತ್ತವೆ.

ಇತ್ತೀಚಿನ ಸೇರ್ಪಡೆ ಒಂಟೆಯದು. ಒಂಟೆಯ ಕೆಲವು ಪ್ರತಿಕಾಯಗಳಲ್ಲಿ ಹಗುರ ಸರಪಳಿ ಇರುವುದಿಲ್ಲ. ಅವುಗಳ ಹಿಡಿಯುವ ಭಾಗವನ್ನಷ್ಟೇ ಕತ್ತರಿಸಿ ಬ್ಯಾಕ್ಟೀರಿಯದಲ್ಲಿ ಬೆಳೆಸಬಹುದು. ನ್ಯಾನೊಬಾಡಿ ಎಂದು ಕರೆಯುವ ಇಂಥ ತುಣುಕೊಂದು ಡಫಿಯ ವಿರುದ್ಧ ತಯಾರಾದ ಸುದ್ದಿ 2010ರಲ್ಲಿ ಪ್ರಕಟವಾಯಿತು.

ಪ್ರಯೋಗಾಲಯದ ಮೇಜಿನ ಮೇಲೆ

ಎ, ಬಿ, ಒ ಗುಂಪನ್ನು ನೋಡುವಂತೆ ಗಾಜಿನ ತಟ್ಟೆಯ ಮೇಲೆ ಹನಿ ಬೆರೆಸಿ ಡಫಿಯನ್ನು ನೋಡಲಾಗದು. ಆಂಟಿ-ಎಫ್‌ವೈಎ, ಆಂಟಿ-ಎಫ್‌ವೈಬಿಗಳು ಸಾಮಾನ್ಯವಾಗಿ ಐಜಿಜಿ ಜಾತಿಯವು. ಅವು ಕಣಕ್ಕೆ ಅಂಟಿಕೊಳ್ಳುತ್ತವೆ, ಆದರೆ ಎರಡು ಕಣಗಳನ್ನು ಸೇರಿಸಿ ಗುಂಪುಗಟ್ಟಿಸುವಷ್ಟು ಉದ್ದವಿಲ್ಲ. ಹಾಗಾಗಿ 1945ರಲ್ಲಿ ಕೂಂಬ್ಸ್, ಮೂರಂಟ್ ಮತ್ತು ರೇಸ್ ರೂಪಿಸಿದ ಪರೋಕ್ಷ ಕೂಂಬ್ಸ್ ಪರೀಕ್ಷೆಯೇ ಬೇಕು.

ಪರೀಕ್ಷೆ ನಡೆಯುವುದು ಹೀಗೆ. ರೋಗಿಯ ಕೆಂಪು ಕಣಗಳನ್ನು ಸಲೈನಿನಲ್ಲಿ ತೊಳೆದು ಶೇಕಡ 3ರಿಂದ 5ರ ತೆಳು ದ್ರವ ಮಾಡಿಕೊಳ್ಳುತ್ತಾರೆ. ಟೆಸ್ಟ್ ಟ್ಯೂಬಿಗೆ ಅದರದೊಂದು ಹನಿ, ಆಂಟಿ-ಎಫ್‌ವೈಎಯದೊಂದು ಹನಿ ಬಿಟ್ಟು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಯಾರಕರು ಹೇಳಿದಷ್ಟು ಹೊತ್ತು ಇಡುತ್ತಾರೆ. ಬಳಿಕ ಸಲೈನಿನಿಂದ ಮೂರು-ನಾಲ್ಕು ಬಾರಿ ತೊಳೆಯಬೇಕು. ಪ್ರತಿ ಸಲವೂ ಟ್ಯೂಬನ್ನು ಬಗ್ಗಿಸಿ ಸಲೈನನ್ನು ಕೊನೆಯ ಹನಿಯವರೆಗೂ ಚೆಲ್ಲಬೇಕು. ಆಮೇಲೆ ಮಾನವ ಐಜಿಜಿಯನ್ನು ಹಿಡಿಯುವ ಕೂಂಬ್ಸ್ ದ್ರವ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತ ಕಣಗಳ ಬಿಲ್ಲೆಯನ್ನು ಮೆಲ್ಲನೆ ಅಲುಗಾಡಿಸಿ ನೋಡುತ್ತಾರೆ. ಬಿಲ್ಲೆ ಗಟ್ಟಿಯಾಗಿ ಒಂದೇ ತುಂಡಾಗಿ ಎದ್ದರೆ 4+, ಹೊಗೆಯಂತೆ ನಯವಾಗಿ ಕರಗಿದರೆ ಶೂನ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು ತೊಳೆಯುವ ಹಂತ. ಅಂಟಿಕೊಳ್ಳದೆ ಉಳಿದ ಐಜಿಜಿ ಟ್ಯೂಬಿನಲ್ಲಿ ಚೂರು ಉಳಿದರೂ ಕೂಂಬ್ಸ್ ದ್ರವವನ್ನು ಅದು ಮೊದಲೇ ಕಬಳಿಸಿಬಿಡುತ್ತದೆ. ಆಗ ಎಫ್‌ವೈಎ ಇರುವ ಕಣವೂ ಇಲ್ಲದ ಕಣದಂತೆ ಕಾಣುತ್ತದೆ. ಈ ತಪ್ಪನ್ನು ಹಿಡಿಯಲೆಂದೇ ಶೂನ್ಯ ಬಂದ ಪ್ರತಿ ಟ್ಯೂಬಿಗೂ ಐಜಿಜಿ ಲೇಪಿಸಿದ ಕಣಗಳನ್ನು ಸೇರಿಸಿ ಮತ್ತೆ ತಿರುಗಿಸುತ್ತಾರೆ. ಈಗ ಗುಂಪುಗಟ್ಟಲೇಬೇಕು, ಕಟ್ಟದಿದ್ದರೆ ಇಡೀ ಪರೀಕ್ಷೆ ರದ್ದು. ಟ್ಯೂಬಿನ ಬದಲು ಬಳಸುವ ಜೆಲ್ ಕಾರ್ಡ್ ಬಂದ ಮೇಲೆ ತೊಳೆಯುವ ಕೆಲಸ ತಪ್ಪಿದೆ. ನಮ್ಮ ದೊಡ್ಡ ಆಸ್ಪತ್ರೆಗಳ ರಕ್ತನಿಧಿಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಅದೇ.

ಹೋಲಿಕೆಯ ಕಣಗಳ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ತಂದೆತಾಯಿ ಇಬ್ಬರಿಂದಲೂ ಎಫ್‌ವೈಎ ಬಂದವರ ಕಣದಲ್ಲಿ ಆ ಪ್ರತಿಜನಕ ಹೆಚ್ಚು. ಒಬ್ಬರಿಂದ ಎಫ್‌ವೈಎ, ಇನ್ನೊಬ್ಬರಿಂದ ಎಫ್‌ವೈಬಿ ಬಂದವರಲ್ಲಿ ಸುಮಾರು ಅರ್ಧ. ಪ್ರತಿಕಾಯದ ಬಾಟಲಿ ಸರಿಯಿದೆಯೇ ಎಂದು ಪರೀಕ್ಷಿಸುವಾಗ ಈ ಅರ್ಧದ ಕಣವನ್ನೇ ಬಳಸಬೇಕು, ಏಕೆಂದರೆ ದುರ್ಬಲ ಕಣವನ್ನು ಹಿಡಿಯುವ ದ್ರವ ಪ್ರಬಲವಾದದ್ದನ್ನು ಬಿಡುವುದಿಲ್ಲ. ರೋಗಿಯ ಸೀರಮ್‌ನಲ್ಲಿ ಡಫಿ ಪ್ರತಿಕಾಯ ಇದೆಯೇ ಎಂದು ಹುಡುಕುವಾಗ ಇದರ ತಿರುವುಮುರುವು: ಅಲ್ಲಿ ಪೂರ್ಣ ಪ್ರಮಾಣದ ಕಣ ಬೇಕು, ಇಲ್ಲವಾದರೆ ಸಣ್ಣ ಮಟ್ಟದ ಪ್ರತಿಕಾಯ ಕೈತಪ್ಪುತ್ತದೆ.

ಪರೀಕ್ಷೆ ದಾರಿತಪ್ಪುವ ಸಂದರ್ಭಗಳು ಎರಡು ಮುಖ್ಯ. ರೋಗಿಯ ಕಣಗಳ ಮೇಲೆ ಅವರದೇ ಐಜಿಜಿ ಮೊದಲೇ ಕೂತಿದ್ದರೆ ಯಾವ ಪ್ರತಿಕಾಯ ಹಾಕಿದರೂ ಕೂಂಬ್ಸ್ ದ್ರವ ಗುಂಪುಗಟ್ಟಿಸುತ್ತದೆ. ಕ್ಲೋರೊಕ್ವಿನ್ ದ್ರಾವಣದಿಂದ ಆ ಲೇಪವನ್ನು ಕಳಚಿ ಪರೀಕ್ಷಿಸುವುದು ಇದಕ್ಕಿರುವ ಪರಿಹಾರಗಳಲ್ಲಿ ಒಂದು. ಎರಡನೆಯದು ಎಫ್‌ವೈಎಕ್ಸ್ ಎಂಬ ದುರ್ಬಲ ಎಫ್‌ವೈಬಿ. 89ನೆಯ ಸ್ಥಾನದ ಆರ್ಜಿನಿನ್ ಬದಲಿಗೆ ಸಿಸ್ಟೀನ್ ಬಂದವರಲ್ಲಿ ಪ್ರೋಟೀನು ಪೊರೆಯಲ್ಲಿ ಸರಿಯಾಗಿ ನಿಲ್ಲದೆ ಪ್ರಮಾಣ ಬಹಳ ಕುಸಿಯುತ್ತದೆ. ಸಾಧಾರಣ ಆಂಟಿ-ಎಫ್‌ವೈಬಿ ಇಂಥವರನ್ನು ‘ಇಲ್ಲ’ ಎಂದುಬಿಡಬಹುದು.

ಡಫಿ-ಶೂನ್ಯ: ನಿಸರ್ಗ ಕೊಟ್ಟ ಅಳತೆಗೋಲು

ಯಾವುದೇ ಪ್ರತಿಕಾಯ ತಾನು ಹಿಡಿಯಬೇಕಾದ್ದನ್ನೇ ಹಿಡಿಯುತ್ತಿದೆಯೇ ಎಂದು ತಿಳಿಯಲು ಆ ಪ್ರೋಟೀನು ಇಲ್ಲವೇ ಇಲ್ಲದ ಜೀವಕೋಶ ಬೇಕು. ಬೇರೆ ಪ್ರೋಟೀನುಗಳಿಗೆ ಇಂಥ ಜೀವಕೋಶವನ್ನು ಪ್ರಯೋಗಾಲಯದಲ್ಲಿ ಕಷ್ಟಪಟ್ಟು ತಯಾರಿಸಿಕೊಳ್ಳಬೇಕು. ಡಫಿಗೆ ಅದು ಕೋಟ್ಯಂತರ ಜನರ ರಕ್ತದಲ್ಲಿ ಸಿದ್ಧವಾಗಿ ಸಿಗುತ್ತದೆ. ಡಫಿ ಪ್ರತಿಕಾಯವೆಂದು ಮಾರಾಟವಾಗುವ ಯಾವುದಾದರೂ ದ್ರವ ಡಫಿ-ಶೂನ್ಯರ ಕೆಂಪು ಕಣಕ್ಕೂ ಅಂಟಿಕೊಂಡರೆ ಅದನ್ನು ನಂಬಬಾರದು.

ಆದರೆ ಈ ಅಳತೆಗೋಲಿಗೆ ಮಿತಿಯಿದೆ. ಅದನ್ನು ತೋರಿಸಿಕೊಟ್ಟದ್ದು 1995ರಲ್ಲಿ ಟೂರ್ನಮೀಲ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ. ಆಫ್ರಿಕನ್ ಮೂಲದ ಡಫಿ-ಶೂನ್ಯರಲ್ಲಿ ವಂಶವಾಹಿ ಸರಿಯಾಗಿಯೇ ಇದೆ. ಕೆಟ್ಟಿರುವುದು ಅದರ ಮುಂಭಾಗದ ನಿಯಂತ್ರಕ ತುಣುಕಿನ ಒಂದೇ ಒಂದು ಅಕ್ಷರ. ಕೆಂಪು ಕಣಗಳ ಪೂರ್ವಜ ಕೋಶಗಳಲ್ಲಿ ಗಾಟಾ-1 ಎಂಬ ಪ್ರೋಟೀನು ಅಲ್ಲಿ ಕೂತು ವಂಶವಾಹಿಯನ್ನು ಚಾಲೂ ಮಾಡಬೇಕು. ಅಕ್ಷರ ಬದಲಾದ್ದರಿಂದ ಅದಕ್ಕೆ ಕೂರಲು ಆಗುವುದಿಲ್ಲ. ಉಳಿದ ಅಂಗಾಂಶಗಳಿಗೆ ಗಾಟಾ-1ರ ಹಂಗಿಲ್ಲ. ಹೀಗಾಗಿ ಅದೇ ವ್ಯಕ್ತಿಯ ಸಣ್ಣ ಅಭಿಧಮನಿಗಳ ಒಳಪದರದಲ್ಲಿ ಡಫಿ ಎಂದಿನಂತೆ ಇರುತ್ತದೆ. ರಕ್ತ ‘ಇಲ್ಲ’ ಎನ್ನುತ್ತದೆ, ಅಂಗಾಂಶದ ತುಣುಕು ‘ಇದೆ’ ಎನ್ನುತ್ತದೆ, ಎರಡೂ ನಿಜ.

ಇದರ ಫಲ ರೋಗಿಯ ಹಾಸಿಗೆಯವರೆಗೂ ಮುಟ್ಟುತ್ತದೆ. ರಕ್ತನಾಳದ ಒಳಪದರದಲ್ಲಿ ಎಫ್‌ವೈಬಿ ಇರುವುದರಿಂದ ಇಂಥವರ ದೇಹ ಅದನ್ನು ಪರಕೀಯವೆಂದು ಎಣಿಸುವುದಿಲ್ಲ, ಆಂಟಿ-ಎಫ್‌ವೈಬಿ ತಯಾರಿಸುವುದಿಲ್ಲ. ಅವರಿಗೆ ಎಫ್‌ವೈಬಿ ಇರುವ ರಕ್ತವನ್ನು ಕೊಡಬಹುದು. ಇದು ತಿಳಿಯದಿದ್ದರೆ ಡಫಿ-ಶೂನ್ಯ ರಕ್ತವನ್ನೇ ಹುಡುಕುತ್ತ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಇನ್ನೊಂದೆಡೆ, ವಂಶವಾಹಿಯೇ ಮುರಿದು ದೇಹದಲ್ಲಿ ಎಲ್ಲೂ ಡಫಿ ಇಲ್ಲದ ಅತಿ ವಿರಳ ಜನರು ಆಂಟಿ-ಎಫ್‌ವೈ3 ತಯಾರಿಸಬಲ್ಲರು. ಅವರಿಗೆ ಹೊಂದುವ ರಕ್ತ ಸಿಗುವುದು ಬಹಳ ಕಷ್ಟ. ಸಾಮಾನ್ಯ ಪರೀಕ್ಷೆಯಲ್ಲಿ ಈ ಎರಡು ಬಗೆಯವರು ಒಂದೇ ತೆರನಾಗಿ ಕಾಣುತ್ತಾರೆ. ಬೇರ್ಪಡಿಸಲು ಡಿಎನ್‌ಎ ಪರೀಕ್ಷೆ ಬೇಕು.

ಡಫಿ-ಶೂನ್ಯರ ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಸಹಜವಾಗಿಯೇ ಕಡಿಮೆ ಎಂಬುದೂ ಈಗ ಖಚಿತ. ಇದು ರೋಗವಲ್ಲ. ಆದರೂ ಎಣಿಕೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಔಷಧ ನಿಲ್ಲಿಸುವುದು, ಕ್ಯಾನ್ಸರ್ ಚಿಕಿತ್ಸೆಯ ಪ್ರಮಾಣ ತಗ್ಗಿಸುವುದು ನಡೆದುಬಂದಿದೆ. ಡಫಿ ಪರೀಕ್ಷೆ ಇಲ್ಲಿ ಅನ್ಯಾಯವನ್ನು ತಪ್ಪಿಸಬಲ್ಲದು.

ಪ್ರತಿಕಾಯದ ಆಯ್ಕೆಯೇ ವಿವಾದವಾದ ಉದಾಹರಣೆಯೂ ಇದೆ. ಮೂಳೆಮಜ್ಜೆಯ ಮ್ಯಾಕ್ರೊಫೇಜ್ ಕೋಶಗಳ ಮೇಲೆ ಡಫಿ ಇದೆಯೆಂದು 2016ರಲ್ಲಿ ಒಂದು ತಂಡ ವರದಿ ಮಾಡಿತು. ಅದನ್ನು ಮರುಪರಿಶೀಲಿಸಿದ ಇನ್ನೊಂದು ತಂಡ 2022ರಲ್ಲಿ, ಅಲ್ಲಿ ಡಫಿ ಇಲ್ಲ ಎಂದು ಬರೆಯಿತು. ಪ್ರೋಟೀನು ಒಂದೇ, ಕೋಶಗಳೂ ಅವೇ, ಪ್ರತಿಕಾಯ ಬೇರೆಯಾದಾಗ ಉತ್ತರವೂ ಬೇರೆ.

ಮಲೇರಿಯಾ ಮತ್ತು ಡಫಿ

ಡಫಿ ಪ್ರತಿಕಾಯ ವೈದ್ಯಕೀಯ ಚರಿತ್ರೆಯಲ್ಲಿ ಹೆಸರು ಗಳಿಸಿದ್ದು ಮಲೇರಿಯಾದಿಂದ. 1975ರಲ್ಲಿ ಅಮೆರಿಕದ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ಪ್ಲಾಸ್ಮೋಡಿಯಂ ನೋಲೆಸಿ ಎಂಬ ಕೋತಿಗಳ ಮಲೇರಿಯಾ ರೋಗಾಣು ಡಫಿ-ಶೂನ್ಯರ ಕಣಗಳೊಳಗೆ ನುಗ್ಗಲಾರದೆಂದು ಕಂಡರು. ಎಫ್‌ವೈಎ ಇರುವ ಕಣಗಳಿಗೆ ಆಂಟಿ-ಎಫ್‌ವೈಎ ಲೇಪಿಸಿದಾಗಲೂ ರೋಗಾಣುವಿಗೆ ತಡೆಯಾಯಿತು. ಪ್ರತಿಕಾಯ ಇಲ್ಲಿ ಗುರುತು ಹಚ್ಚುವ ಸಾಧನ ಮಾತ್ರವಾಗಿ ಉಳಿಯದೆ ಬಾಗಿಲಿಗೆ ಹಾಕಿದ ಅಗುಳಿಯಂತೆ ಕೆಲಸ ಮಾಡಿತು. ಮರುವರ್ಷ, ಮನುಷ್ಯರಿಗೆ ಮಲೇರಿಯಾ ತರುವ ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ರೋಗಾಣು ಸೋಂಕಿದ ಸೊಳ್ಳೆಗಳ ಕಡಿತಕ್ಕೆ ಒಳಗಾಗಿದ್ದ ಆಫ್ರಿಕನ್ ಮೂಲದ ಹನ್ನೊಂದು ಸ್ವಯಂಸೇವಕರ ರಕ್ತವನ್ನು ಪರೀಕ್ಷಿಸಿದಾಗ, ರೋಗ ತಗಲದೆ ಉಳಿದ ಐವರೂ ಡಫಿ-ಶೂನ್ಯರೆಂದು ತಿಳಿದುಬಂತು. ಪಶ್ಚಿಮ ಆಫ್ರಿಕದಲ್ಲಿ ವೈವಾಕ್ಸ್ ಮಲೇರಿಯಾ ಏಕೆ ಅಪರೂಪವೆಂಬ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ವೈವಾಕ್ಸ್ ರೋಗಾಣು ತನ್ನದೇ ಡಫಿ-ಬಂಧಕ ಪ್ರೋಟೀನಿನಿಂದ ಗ್ರಾಹಕದ ಹೊರಬಾಲವನ್ನು ಹಿಡಿಯುತ್ತದೆ. ಆಂಟಿ-ಎಫ್‌ವೈ6 ಅದೇ ಬಾಲಕ್ಕೆ ಅಂಟಿಕೊಂಡು ಈ ಹಿಡಿತವನ್ನು ತಪ್ಪಿಸುತ್ತದೆ. ರೋಗಾಣುವಿನ ಈ ಪ್ರೋಟೀನಿನ ವಿರುದ್ಧವೇ ಲಸಿಕೆ ತಯಾರಿಸುವ ಪ್ರಯತ್ನದಲ್ಲಿ ಚೇತನ್ ಚಿಟ್ನಿಸ್ ಅವರ ಪಾಲು ದೊಡ್ಡದು. ನವದೆಹಲಿಯಲ್ಲಿ ರೂಪುಗೊಂಡ ಅಂಥ ಲಸಿಕೆಯೊಂದರ ಮೊದಲ ಹಂತದ ಪರೀಕ್ಷೆ ಭಾರತದಲ್ಲಿ ನಡೆದು 2018ರಲ್ಲಿ ಫಲಿತಾಂಶ ಪ್ರಕಟವಾಗಿದೆ.

2010ರಲ್ಲಿ ಮಡಗಾಸ್ಕರ್‌ನಿಂದ ಬಂದ ವರದಿ ಈ ಚಿತ್ರವನ್ನು ಕದಡಿತು: ಅಲ್ಲಿ ಡಫಿ-ಶೂನ್ಯರಲ್ಲೂ ವೈವಾಕ್ಸ್ ಮಲೇರಿಯಾ ಕಂಡಿತು. ಬೇರೆ ಆಫ್ರಿಕನ್ ದೇಶಗಳಿಂದಲೂ ಇಂಥ ವರದಿಗಳು ಬಂದವು. ಒಂದು ಸುಳಿವು 2023ರಲ್ಲಿ ಸಿಕ್ಕಿತು. ಎಫ್‌ವೈ6 ನೆಲೆಯನ್ನು ಹಿಡಿಯುವ ಸೂಕ್ಷ್ಮ ಪ್ರತಿಕಾಯದಿಂದ ಹುಡುಕಿದಾಗ, ಡಫಿ-ಶೂನ್ಯರ ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಲವು ಕೆಂಪು ಕಣಗಳು ಸ್ವಲ್ಪ ಕಾಲ ಡಫಿಯನ್ನು ಹೊತ್ತಿರುತ್ತವೆ ಎಂದು ತಿಳಿಯಿತು. ಕಣ ಬಲಿತು ರಕ್ತಕ್ಕೆ ಬರುವ ಹೊತ್ತಿಗೆ ಅದು ಮಾಯ. ತೋಳಿನ ರಕ್ತವನ್ನಷ್ಟೇ ನೋಡಿ ‘ಶೂನ್ಯ’ ಎಂದು ಬರೆಯುತ್ತ ಬಂದ ಅರ್ಧ ಶತಮಾನದ ವಾಡಿಕೆಯನ್ನು ಮರುಯೋಚಿಸುವಂತೆ ಮಾಡಿದ ಫಲಿತಾಂಶ ಇದು.

ಭಾರತದಲ್ಲಿ

ಭಾರತದಲ್ಲಿ ಡಫಿ-ಶೂನ್ಯರು ತೀರ ವಿರಳ, ಎಫ್‌ವೈಎ ಬಹುಸಂಖ್ಯಾತರಲ್ಲಿದೆ. ಅಂದರೆ ಈ ವಿಷಯದಲ್ಲಿ ನಮಗೆ ವೈವಾಕ್ಸ್‌ನಿಂದ ಜನ್ಮಜಾತ ರಕ್ಷಣೆ ಇಲ್ಲ. ದಶಕಗಳ ಕಾಲ ಮಲೇರಿಯಾಕ್ಕೆ ಕುಖ್ಯಾತವಾಗಿದ್ದ ಮಂಗಳೂರಿನಲ್ಲಿ ಹೆಚ್ಚಿನ ಪ್ರಕರಣಗಳು ವೈವಾಕ್ಸ್‌ನವೇ. ಎಫ್‌ವೈಎ ಇರುವ ಕಣಕ್ಕೆ ರೋಗಾಣುವಿನ ಹಿಡಿತ ಎಫ್‌ವೈಬಿ ಕಣಕ್ಕಿಂತ ಕಡಿಮೆ ಎಂದು 2011ರ ಅಧ್ಯಯನವೊಂದು ತೋರಿಸಿದೆ. ಆದರೆ ಅದು ಪೂರ್ಣ ತಡೆಯಲ್ಲ.

ಇಲ್ಲಿ ಡಫಿ ಪ್ರತಿಕಾಯದ ಹೆಚ್ಚಿನ ಅಗತ್ಯವಿರುವುದು ಮತ್ತೆ ಮತ್ತೆ ರಕ್ತ ಪಡೆಯುವವರಿಗೆ: ಥಲಸ್ಸೀಮಿಯಾದ ಮಕ್ಕಳು, ಕುಡಗೋಲು ಕಣ ರೋಗದವರು. ಎಫ್‌ವೈಎ ಇಲ್ಲದ ರೋಗಿಗೆ ಎಫ್‌ವೈಎ ಇರುವ ರಕ್ತ ಪದೇ ಪದೇ ಹೋದರೆ ಪ್ರತಿಕಾಯ ಹುಟ್ಟಬಹುದು. ಆಮೇಲೆ ಕೊಟ್ಟ ರಕ್ತ ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ವಾರ ಕಳೆದು ಒಡೆದುಹೋಗುತ್ತದೆ. ಗರ್ಭಿಣಿಯರಲ್ಲಿ ಇದೇ ಪ್ರತಿಕಾಯ ಮಗುವಿನ ಕಣಗಳನ್ನು ಒಡೆಯಬಹುದು, ಆದರೆ ತೀವ್ರ ರೂಪ ಅಪರೂಪ.

ಡಫಿ, ಕಿಡ್, ಕೆಲ್ ಗುಂಪುಗಳ ಪರೀಕ್ಷೆಯನ್ನು ಮತ್ತೆ ಮತ್ತೆ ರಕ್ತ ಪಡೆಯಬೇಕಾದ ಮಕ್ಕಳಿಗೆ ಮೊದಲ ರಕ್ತ ಏರಿಸುವ ಮುನ್ನವೇ ಮಾಡಿಸಿಕೊಳ್ಳಬೇಕು. ಒಮ್ಮೆ ರಕ್ತ ಹೋಯಿತೆಂದರೆ ದಾನಿಯ ಕಣಗಳು ಸುಮಾರು ಮೂರು ತಿಂಗಳು ರೋಗಿಯ ದೇಹದಲ್ಲೇ ಓಡಾಡಿಕೊಂಡಿರುತ್ತವೆ, ಪ್ರತಿಕಾಯಕ್ಕೆ ಯಾವುದು ಯಾರ ಕಣ ಎಂದು ತಿಳಿಯುವುದಿಲ್ಲ. ಆಗ ಉಳಿಯುವುದು ದುಬಾರಿ ಡಿಎನ್‌ಎ ಪರೀಕ್ಷೆಯೊಂದೇ. ತಂದೆತಾಯಿಯರು ಈ ಪರೀಕ್ಷೆಯನ್ನು ರಕ್ತನಿಧಿಯಲ್ಲಿ ಬಾಯಿಬಿಟ್ಟು ಕೇಳಬೇಕು, ಬರೆದುಕೊಟ್ಟ ಫಲಿತಾಂಶವನ್ನು ಮಗುವಿನ ಚಿಕಿತ್ಸೆಯ ಕಡತದಲ್ಲಿ ಕಾಯ್ದಿಟ್ಟುಕೊಳ್ಳಬೇಕು.